ಮುಚ್ಚಳದ ಒಳಮೈ

…ಮಾರ್ಚ್ ಏಳು, ಐವತ್ತೇಳನೇ ಇಸವಿ, ಗುರುವಾರ. ವಾಯವ್ಯದ ಗಾಳಿ. ಬೆಳಗ್ಗೆ ಆಲಿಕಲ್ಲು, ಈಗ ಬರೀ ತೇವ. ಹಾಂ, ಆಯ್ತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಇಷ್ಟು ಗೀಚದೆ ನಾನು ಉಳಿ ಮುಟ್ಟೋನಲ್ಲ ಅಕ್ಕೋರೇ. ಗಾಳಿ ಯಾವ ಕಡೇದು, ತೇವ ಎಷ್ಟು ಅಂತ ಗೊತ್ತಿಲ್ದೆ ಕೈ ಹಾಕಿದ್ರೆ ಮರ ಮಾತು ಕೇಳಲ್ಲ. ಏನ್ ಹೇಳ್ತಿದ್ದೆ? ಹಾಂ… ಅವಳೇ ಬೇಡ ಅಂದ್ಲು ಅಂತ. ಹೌದು. ನನ್ನ ಮಗಳು ತುರಿದ್, ಅವಳೇ ಬೇಡ ಅಂದ್ಲು. "ಅಪ್ಪಾ, ಪಟ್ಟಣದ ಶಾಲೆ ನನಗೆ ಬೇಡ, ಪೀಪಾಯಿ ಮಾಡ್ಕೊಂಡು ಇಲ್ಲೇ ಇರ್ತೀನಿ" ಅಂದ್ಲು. ಆವಾಗ್ಲೇ ನಿಮಗೆ ಬರೆದಿದ್ನಲ್ಲ, ಮೂವತ್ತೆಂಟರಲ್ಲಿ. ನೀವು ಉತ್ತರದ ಕಡೆ ವರ್ಗ ಆಗಿ ಹೋಗಿದ್ರಿ. ಕಾಗದ ತಲುಪಿತ್ತು ತಾನೇ? ಇಲ್ಲಾಂದ್ರೆ ಹೇಳಿ… ತಲುಪಿರುತ್ತೆ ಬಿಡಿ.

ಅಯ್ಯೋ, ಆ ದಿಮ್ಮಿ ಮೇಲೆ ಬೇಡ! ಟಾರು ಹತ್ತುತ್ತೆ. ಕೋಟು ಚೆನ್ನಾಗಿದೆ, ಹಾಳಾಗುತ್ತೆ. ಇಲ್ಲಿ ಕೂತ್ಕೊಳಿ, ಇದು ಅವಳ ಸ್ಟೂಲು. ಕೂತ್ಕೊಳಿ, ಪರವಾಗಿಲ್ಲ. ಯಾರಾದ್ರೂ ಕೂತ್ಕೋಬೇಕಲ್ಲ.

ಚರ್ಚಿಗೆ ಹೋಗಿಯೇ ಬಂದ್ರಿ ಅಲ್ವಾ? ಗೊತ್ತಾಯ್ತು, ಬೂಟಿಗೆ ಅಲ್ಲಿನ ಮಣ್ಣು ಅಂಟಿದೆ. ಅವಳ ಸಮಾಧಿ ಕಲ್ಲು ಇನ್ನೂ ನಿಲ್ಲಿಸಿಲ್ಲ. ನೆಲ ಗಟ್ಟಿ ಆಗ್ಬೇಕಂತೆ, ಮೇ ತಿಂಗಳು ಅಂತಾರೆ. ಅಮ್ಮನ ಪಕ್ಕದಲ್ಲೇ ಇದಾಳೆ. ಮಾರ್ತಾ ಹೋದಾಗ ಇವಳಿಗೆ ಒಂಬತ್ತು. ಈಗ ಮೂವತ್ತಮೂರು. ಮೂರೇ ದಿನದ ಜ್ವರ ಅಕ್ಕೋರೇ! ದೋಣಿ ನಿಲ್ಲೋ ದಕ್ಕೆ ಮೇಲೆ ಒದ್ದೆ ಕಾಲಲ್ಲಿ ನಿಂತು ನೆಗಡಿ ಅಂದ್ಲು, ಎದೆ ಅಂದ್ಲು, ಮಲಗಿದ್ಲು. ಡಾಕ್ಟರು ಬರೋ ದೋಣಿ ಬಿರುಗಾಳಿಗೆ ಆ ಕಡೆ ದಂಡೆಯಲ್ಲೇ ನಿಂತಿತ್ತು. ಇರ್ಲಿ. ಅದನ್ನ ಹೇಳೋಕಲ್ಲ ನಿಮ್ಮನ್ನ ಕರೆಸಿದ್ದು.

ಹೌದು, ತೋರಿಸೋದಿದೆ ಅಂತ ಬರೆದಿದ್ದೆ. ತೋರಿಸ್ತೀನಿ. ಅಟ್ಟದ ಮೇಲಿದೆ. ಮೊದಲು ಕಾಫಿ. ಇನ್ನೂ ಅದೇ ಅಭ್ಯಾಸಾನಾ, ಸಕ್ಕರೆ ತುಂಡು ಹಲ್ಲಲ್ಲಿ ಕಚ್ಕೊಂಡು? ತಗೊಳಿ. ಆಲೂಗಡ್ಡೆ ರೊಟ್ಟಿ ಆಮುಂಡನ ಹೆಂಡತಿ ಕಳಿಸಿದ್ದು. ಅದೇ, ನಿಮ್ಮನ್ನ ದೋಣಿಯಲ್ಲಿ ಕರ್ಕೊಂಡು ಬಂದ್ನಲ್ಲ, ಆ ಬಾಯಾಳಿ ಆಮುಂಡ. ದಾರಿಯುದ್ದಕ್ಕೂ ಏನೇನು ಹೇಳಿದ ನನ್ನ ಬಗ್ಗೆ? "ತೋರಾಲ್ಫ್‌ಗೆ ತಲೆ ಕೆಟ್ಟಿದೆ, ಊರವರ ಶೆಡ್ಡುಗಳಿಗೆಲ್ಲ ನುಗ್ಗಿ ಪೀಪಾಯಿ ಮುಚ್ಚಳ ಎತ್ತಿ ಎತ್ತಿ ನೋಡ್ತಾನೆ" ಅಂದಿರ್ಬೇಕು. ಅಂದ್ನಾ? ಅಂದೇ ಇರ್ತಾನೆ! ಸುಳ್ಳಲ್ಲ ಅದು. ನೋಡಿದೀನಿ. ಯಾಕೆ ಅಂತ… ಹೇಳ್ತೀನಿ, ತಾಳಿ.

ಈ ಬಕೆಟ್ಟು ನೋಡಿ. ಇದು ಅವಳು ಮಾಡಿದ್ದು, ಕಡೇದು. ಮೈ ಆಗಿದೆ, ಸುತ್ತ ಪಟ್ಟಿಯ ಬಳೆ ಬಿಗಿದಿದೆ, ತಳ ಒಂದು ಬಾಕಿ. ಚರ್ಚಿನ ಹಿತ್ತಲಲ್ಲಿ ಗಿಡಕ್ಕೆ ನೀರು ಹಾಕೋಕೆ ಒಂದು ಬಕೆಟ್ಟಿಲ್ಲ, ಎಲ್ಲರೂ ಒಂದೇ ತುಕ್ಕು ಹಿಡಿದ ಡಬ್ಬಕ್ಕೆ ಕಾಯ್ತಾರೆ. ಇದನ್ನ ಅಲ್ಲಿಗೆ ಕೊಡೋಣ ಅಂತ. ತಳ ಹಾಕೋದು ಏನು ಮಹಾ! ಒಳಗಡೆ ಸುತ್ತ ಈ ಕಚ್ಚು ಇದೆ ನೋಡಿ, ತಳ ಬಂದು ಕೂರೋದು ಇದರಲ್ಲಿ. ಈ ಕಚ್ಚಿನ ಮೇಲೆ ಕೈವಾರ ನಡೆಸಬೇಕು. ಒಂದು, ಎರಡು, ಮೂರು… ಆರನೇ ಹೆಜ್ಜೆ ಹೊರಟ ಜಾಗಕ್ಕೇ ಸರಿಯಾಗಿ ಬಂದು ಬಿದ್ರೆ ಕೈವಾರದ ಬಾಯಿ ಸರಿ ಇದೆ ಅಂತ. ಅದೇ ಬಾಯಲ್ಲಿ ಹಲಗೆ ಮೇಲೆ ಸುತ್ತು ಎಳೆದು ಕತ್ತರಿಸಿದ್ರೆ ತಳ ಗಕ್ಕನೆ ಕೂರುತ್ತೆ. ಅಳತೆಪಟ್ಟಿ ಬೇಡ, ಲೆಕ್ಕ ಬೇಡ. ನಮ್ಮಪ್ಪನಿಗೆ ಅವರಪ್ಪ ಹೇಳಿದ್ದು, ನನಗೆ ನಮ್ಮಪ್ಪ. ಎಣಿಸುವಾಗ ಬಾಯಿ ಬಿಡಬಾರದು, ಬಿಟ್ರೆ ದುಂಡು ಒಡೆಯುತ್ತೆ ಅನ್ನೋನು ನಮ್ಮಪ್ಪ. ಬಾಯಿ ಬಿಟ್ರೆ ನನಗೆ ಒಂದು ಬೀಳೋದು, ಕತ್ತಿನ ಮೇಲೆ.

ನೋಡಿ ಈಗ. ಒಂದು. ಎರಡು. ಮೂರು. ನಾಲ್ಕು. ಐದು… ಥೂ. ಮತ್ತೆ ಮುಂದೆ ಹೋಯ್ತು. ಒಂದು ವಾರದಿಂದ ಹೀಗೇ ಅಕ್ಕೋರೇ! ಬಾಯಿ ಸಣ್ಣ ಮಾಡಿದ್ರೆ ಹಿಂದೆ, ದೊಡ್ಡದು ಮಾಡಿದ್ರೆ ಮುಂದೆ. ಐವತ್ತೊಂದು ವರ್ಷ ಇದೇ ಕೆಲಸ ಮಾಡಿದೀನಿ. ಆರನೇದಕ್ಕೆ ಬಂದಾಗ… ಆರನೇದಕ್ಕೆ ಬಂದಾಗ ಅವಳ ದನಿ ಕೇಳುತ್ತೆ. "ಯಾಕಪ್ಪಾ ಆರೇ?"

ಹೌದು! ಅದೇ ಅವಳ ಮೊದಲನೇ ಪ್ರಶ್ನೆ. ಎಷ್ಟು ವರ್ಷ ಆಗ? ಹನ್ನೊಂದೋ ಹನ್ನೆರಡೋ. ಇಲ್ಲೇ, ನೀವು ಕೂತಿರೋ ಕಡೆ ಕೂತು. "ಯಾಕಪ್ಪಾ ಆರೇ? ಬಕೆಟ್ಟಿಗೂ ಆರು, ಪೀಪಾಯಿಗೂ ಆರು, ಸಾರಾಯಿ ಮಾಡೋರ ಅಷ್ಟು ದೊಡ್ಡ ತೊಟ್ಟಿಗೂ ಆರು. ದೊಡ್ಡದಕ್ಕೆ ಜಾಸ್ತಿ ಹೆಜ್ಜೆ ಬೇಡ್ವಾ?" ನಾನು ಏನಂದೆ ಅಂತೀರಾ? "ಕೈವಾರದ ಬಾಯೂ ದೊಡ್ಡದಾಗುತ್ತಲ್ಲೇ ಪೆದ್ದಿ" ಅಂದೆ. ಬಿಡ್ತಾಳಾ? "ಅದು ಗೊತ್ತು. ಆದ್ರೆ ಸರಿಯಾಗಿ ಅಷ್ಟೇ ಯಾಕೆ ದೊಡ್ಡದಾಗ್ಬೇಕು? ಒಂದು ಪೀಪಾಯಿ ತಲೆಹರಟೆ ಮಾಡಿ, ನನಗೆ ಆರೂವರೆ ಬೇಕು ಅನ್ನಬಾರದಾ?" ಅಂತ ಕೇಳಿದ್ಲು.

ನಗಿ, ನಗಿ. ಕ್ಲಾಸಲ್ಲಿ ಇದನ್ನೇ ಕೇಳಿದಾಗ ನೀವೂ ಹೀಗೇ ನಕ್ಕಿದ್ರಂತೆ. ಮನೆಗೆ ಬಂದು ಹೇಳಿದ್ಲು. "ಸಿಗ್ನೆ ಅಕ್ಕೋರು ನಕ್ಕರು, ಆದ್ರೆ ಹಂಗಿಸೋ ನಗು ಅಲ್ಲಪ್ಪ" ಅಂತ. ಆಮೇಲೆ ಆ ಆಟ ಶುರು ಮಾಡಿದ್ಲು. ಕಾಫಿ ಬಟ್ಟಲಿನ ಮುಚ್ಚಳ ಹಿಡ್ಕೊಂಡು, ಒಂದು ಕಣ್ಣು ಮುಚ್ಚಿ, ಗೋಡೆಗೆ ಒರಗಿಸಿದ ಪೀಪಾಯಿ ತಳದ ಎದುರು ಹಿಂದೆ ಮುಂದೆ ಹೋಗೋಳು. "ಮುಚ್ತು ಅಪ್ಪಾ! ಪೂರ್ತಿ ಮುಚ್ತು! ಅಂಚಿಗೆ ಅಂಚು!" ಊರವರು ಅಂದ್ರು, ಪೀಪಾಯಿಯವನ ಮಗಳಿಗೆ ಒಂದು ಕಣ್ಣು ಸೊಟ್ಟ ಅಂತ. ಆಮುಂಡ ಬಂದು ಕೇಳ್ದ, "ಏನೇ ತುರಿದ್, ಚಂದ್ರನ್ನ ಬೇಟೆ ಆಡ್ತಿದೀಯಾ?" ಅಂತ. ಇವಳು ಅಷ್ಟೇ ಗಂಭೀರವಾಗಿ, "ಇಲ್ಲ ಮಾವ, ಅವನೂ ಇಷ್ಟೇ ಇದಾನೆ" ಅಂದ್ಲು.

ಕಾಫಿ ಆರ್ತಾ ಇದೆ, ಕುಡೀರಿ.

ಏನದು, ಚೀಲದಿಂದ? ಕಾಗದ… ಓ. ಅವಳ ಅಕ್ಷರ. ಇದನ್ನ ಇಟ್ಕೊಂಡಿದ್ರಾ ನೀವು? ಹತ್ತೊಂಬತ್ತು ವರ್ಷ! ಉತ್ತರದ ತನಕ ಹೋಗಿ, ಯುದ್ಧದಲ್ಲಿ ಆ ಕಡೆ ಊರೂರೇ ಸುಟ್ಟರಂತೆ, ಅಲ್ಲಿಂದೆಲ್ಲ ಈ ಒಂದು ಹಾಳೆ ಉಳಿಸ್ಕೊಂಡು… ಇಲ್ಲಿಡಿ. ಕೈ ಒರೆಸ್ಕೋತೀನಿ, ಟಾರು.

ಪಟ್ಟಣದ ಶಾಲೆಯ ಪ್ರವೇಶ ಪರೀಕ್ಷೆ. "ವೃತ್ತಗಳೆಲ್ಲ ಸಮರೂಪ ಎಂಬುದಕ್ಕೆ ಕಾರಣ ಕೊಡಿ." ಹದಿನಾಲ್ಕು ವರ್ಷದ ಮಕ್ಕಳಿಗೆ ಇದೆಂಥ ಪ್ರಶ್ನೆ! ಕನ್ನಡಕ ಎಲ್ಲಿಟ್ಟೆ… ಹಾಂ. "ಒಂದು ಸಣ್ಣ ವೃತ್ತ ಎಳೆಯಿರಿ. ನಡುವಿನಿಂದ ಅಂಚಿಗೆ ಎಷ್ಟು ಬೇಕಾದರೂ ಗೆರೆ ಎಳೆಯಿರಿ. ಗೆರೆಗಳೆಲ್ಲ ಒಂದೇ ಉದ್ದ. ಈಗ ಪ್ರತಿ ಗೆರೆಯನ್ನೂ ಎರಡರಷ್ಟು ಮಾಡಿ. ಆಗಲೂ ಎಲ್ಲ ಒಂದೇ ಉದ್ದ. ಹಾಗಾಗಿ ತುದಿಗಳು ಸೇರಿ ಮತ್ತೆ ವೃತ್ತವೇ ಆಗುತ್ತದೆ, ಬೇರೇನೂ ಆಗಲು ಬರುವುದಿಲ್ಲ. ಎರಡರ ಬದಲು ಯಾವ ಸಂಖ್ಯೆಯಾದರೂ ಇಷ್ಟೇ. ಜಗತ್ತಿನ ಯಾವ ವೃತ್ತವನ್ನು ತಂದರೂ ಅದರ ನಡುವನ್ನು ಇದರ ನಡುವಿನ ಮೇಲೆ ಇಟ್ಟು, ಎಷ್ಟು ಪಟ್ಟು ಎಂದು ಒಂದೇ ಒಂದು ಮಾತು ಕೇಳಿದರೆ ಸಾಕು. ಮೊಟ್ಟೆಯಾದರೆ, ನೀನು ಯಾವ ಕಡೆ ಉದ್ದ, ಎಷ್ಟು ಉದ್ದ ಎಂದು ಇನ್ನೂ ಕೇಳಬೇಕಾಗುತ್ತದೆ. ವೃತ್ತಕ್ಕೆ ಕೇಳಲು ಇನ್ನೇನೂ ಉಳಿಯುವುದಿಲ್ಲ."

ಕೇಳಲು ಇನ್ನೇನೂ ಉಳಿಯುವುದಿಲ್ಲ…

ಅಕ್ಕೋರೇ, ನಾನು ನಿಮ್ಮನ್ನ ಕೇಳ್ಬೇಕು ಅಂತಿದ್ದಿದ್ದು ಇಷ್ಟೇ. ಇದಕ್ಕೇ ಕರೆಸಿದ್ದು. ಇದು ಸರೀನಾ? ಇವಳು ಬರೆದಿದ್ದು, ಸರೀನಾ ತಪ್ಪಾ? ಒಂದು ಮಾತು ಹೇಳಿ, ಸಾಕು.

ಯಾಕೆ ಹಾಗೆ ನೋಡ್ತೀರಿ?

ಗೊತ್ತಿಲ್ದೇ ಕೇಳ್ತಿದೀನಿ. ನಾನು ಏಳನೇ ಕ್ಲಾಸು, ಅದೂ ಒಂದು ದಿನ ಬಿಟ್ಟು ಒಂದು ದಿನದ ಶಾಲೆ. ಅಂಗಡಿ ಚೀಟಿ ಓದೋಕೆ ಬರುತ್ತೆ, ಅಷ್ಟೇ. ನೀವು ಓದಿದೋರು, ನೀವು ಹೇಳ್ಬೇಕು. ಹೇಳಿದ್ರೆ ಏನ್ ಕಳ್ಕೋತೀರಿ? ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ.

ಹಾಗೆ ನೋಡ್ಬೇಡಿ ಅಕ್ಕೋರೇ.

ಇನ್ನೂ ಇದೆ, ಕೆಳಗೆ ಎರಡು ಸಾಲು. ಓದ್ತೀನಿ ತಾಳಿ. "ಆದ್ದರಿಂದಲೇ ನಮ್ಮ ಕಾರ್ಖಾನೆಯಲ್ಲಿ ಬಕೆಟ್ಟಿಗೂ ಪೀಪಾಯಿಗೂ ಕೈವಾರ ಆರೇ ಹೆಜ್ಜೆ ಹಾಕುತ್ತದೆ. ನಮ್ಮ ಅಪ್ಪನಿಗೆ ಇದು ಯಾಕೆಂದು ಗೊತ್ತಿಲ್ಲ…"

ಹೂಂ. ಇದು ನೆನಪಿದೆ. ಈ ಸಾಲು ನನಗೆ… ನೀವು ಇದನ್ನ ಗಟ್ಟಿಯಾಗಿ ಓದಿ…

ಓದಿದ್ರಿ.

ಹೌದು. ಸರಿ. ನೀವು ಬಂದಿದ್ರಿ. ಮರ್ತಿಲ್ಲ ನಾನು. ಮೇ ತಿಂಗಳು, ಹಾಲಿನ ದೋಣಿಯಲ್ಲಿ. ಅದೇ ಬಾಗಿಲಲ್ಲಿ ನಿಂತು, ಹೊಸಲು ದಾಟೋಕೂ ಪುರುಸೊತ್ತಿಲ್ದೆ. ದೋಣಿ ಹೊರಡುತ್ತೆ, ಅದೇ ದೋಣಿಗೆ ಊರು ಬಿಡ್ತೀನಿ, ವರ್ಗ ಆಗಿದೆ, ತುರಿದ್ ಎಲ್ಲಿ ಅಂತ ಕೇಳಿದ್ರಿ. ಅವಳು ಸೋದರತ್ತೆ ಮನೇಲಿ, ಆಚೆ ದ್ವೀಪದಲ್ಲಿ, ಕುರಿ ಉಣ್ಣೆ ಕತ್ತರಿಸೋಕೆ ಹೋಗಿದ್ಲು. "ಹಾಗಾದ್ರೆ ನೀವೇ ಹೇಳಿ. ಅವಳು ಬರೆದಿದ್ದು ಸರಿ, ಪೂರ್ತಿ ಸರಿ, ಪಟ್ಟಣದವರು ಓದಿ ಬೆರಗಾಗಿದಾರೆ, ಆಗಸ್ಟಿಗೆ ಅವಳನ್ನ ಕಳಿಸಿ" ಅಂದ್ರಿ. ಕೆನ್ನೆ ಕೆಂಪಾಗಿತ್ತು ನಿಮ್ಮದು, ಓಡಿ ಬಂದಿದ್ರಿ. ಈ ಹಾಳೆ ತೆಗೆದು ಓದಿದ್ರಿ ಕೂಡ, ನಿಂತಲ್ಲೇ. "ನಮ್ಮ ಅಪ್ಪನಿಗೆ ಇದು ಯಾಕೆಂದು ಗೊತ್ತಿಲ್ಲ" ಅನ್ನೋವಾಗ ನಕ್ರಿ. ಪ್ರೀತಿಯಿಂದಲೇ ನಕ್ರಿ, ಈಗ ಗೊತ್ತಾಗುತ್ತೆ. ನಾನು ಅಷ್ಟಕ್ಕೇ ಕಿವಿ ಮುಚ್ಕೊಂಡೆ. ಮುಂದಿಂದು ಕೇಳಿಸ್ಕೊಳ್ಳೇ ಇಲ್ಲ. ಟಾರು ಕಲಕ್ತಾ ಹೂಂ ಹೂಂ ಅಂದೆ. ದೋಣಿ ಕೂಗ್ತು. ನೀವು ಹೋದ್ರಿ.

ಮುಂದೆ ಏನಿದೆ… ನೋಡ್ತೀನಿ. "ನಮ್ಮ ಅಪ್ಪನಿಗೆ ಇದು ಯಾಕೆಂದು ಗೊತ್ತಿಲ್ಲ, ಆದರೆ ಅವರ ಕೈಗೆ ಗೊತ್ತು. ನಾನು ಕಲಿತದ್ದು ಆ ಕೈ ನೋಡಿ."

…

ಒಂದು ನಿಮಿಷ, ಅಕ್ಕೋರೇ.

ಒಲೆಗೆ ಒಂದು ಚಕ್ಕೆ ಹಾಕಿ ಬರ್ತೀನಿ.

ಆಯ್ತು. ಏನೂ ಇಲ್ಲ, ಹೊಗೆ. ಇವತ್ತಿನ ಗಾಳಿಗೆ ಹೊಗೆ ಒಳಗೇ ತಿರುಗುತ್ತೆ.

ಕೇಳಿ ಈಗ. ಅವಳು ಬೇಡ ಅನ್ಲಿಲ್ಲ. ಅವಳನ್ನ ಕೇಳಿದೋರು ಯಾರು, ಬೇಡ ಅನ್ನೋಕೆ! ಮಾರನೇ ದಿನ ಸಂಜೆ ಬಂದ್ಲು, ಮೈಯೆಲ್ಲ ಉಣ್ಣೆ ವಾಸನೆ. ದಕ್ಕೇಲೇ ಯಾರೋ ಹೇಳಿದ್ರು, ಅಕ್ಕೋರು ನಿಮ್ಮನೆಗೆ ಬಂದಿದ್ರು ಅಂತ. ಓಡಿ ಬಂದ್ಲು. "ಏನಂದ್ರಪ್ಪಾ?" ಅಂತ ಕೇಳಿದ್ಲು. ನಾನು ಪೀಪಾಯಿಗೆ ಬಳೆ ಹೊಡೀತಿದ್ದೆ. ತಲೆ ಎತ್ತಲಿಲ್ಲ. "ತಪ್ಪಂತೆ" ಅಂದೆ.

ಅಷ್ಟೇ. ಒಂದೇ ಮಾತು. ಬಳೆ ಹೊಡೆಯೋ ಸದ್ದಲ್ಲಿ ಕೇಳಿಸ್ತೋ ಇಲ್ವೋ ಅಂತ ಇನ್ನೊಂದು ಸಲ ಅಂದೆ. "ತಪ್ಪಂತೆ ಮಗಾ."

ಏನು ಕಾರಣ ಹೇಳ್ಲಿ ನಿಮಗೆ? ಕಾರಣ ಇಲ್ಲ ಅಂತಲ್ಲ. ಆ ವರ್ಷ ನಾನ್ನೂರು ಪೀಪಾಯಿ ಒಪ್ಕೊಂಡಿದ್ದೆ, ಮನೇಲಿ ಇನ್ನೊಂದು ಜೊತೆ ಕೈ ಇರ್ಲಿಲ್ಲ, ಮಾರ್ತಾ ಹೋಗಿ ಐದು ವರ್ಷ. ಹೀಗೆಲ್ಲ ನನಗೆ ನಾನೇ ಹೇಳ್ಕೊಂಡೆ, ಎಷ್ಟೋ ವರ್ಷ. ಚೆನ್ನಾಗಿದೆ ಕಾರಣ. ಪಾದ್ರಿಗಳ ಹತ್ರ ಹೇಳಿದ್ರೂ ತಲೆ ಆಡಿಸ್ತಾರೆ. ಆದ್ರೆ ಅದಲ್ಲ ಅಕ್ಕೋರೇ. ಮೂವತ್ತೆರಡು ವರ್ಷ ಆಗ್ಲೇ ನಾನು ಆರು ಎಣಿಸಿದ್ದೆ. ಬಾಯಿ ಮುಚ್ಕೊಂಡು, ಕತ್ತಿಗೆ ಏಟು ತಿಂದು. ಹದಿನಾಲ್ಕು ವರ್ಷದ ಹುಡುಗಿ ಸ್ಟೂಲ್ ಮೇಲೆ ಕಾಲು ಆಡಿಸ್ತಾ ಕೂತು, ಅದು ಯಾಕೆ ಅಂತ ಕಂಡುಬಿಟ್ಲು. ಊರಿಗೆಲ್ಲ ಬರೆದೂ ಬಿಟ್ಲು, ನಮ್ಮಪ್ಪನಿಗೆ ಗೊತ್ತಿಲ್ಲ ಅಂತ. ಅದನ್ನ ನಾನು ಸಹಿಸ್ಲಿಲ್ಲ. ಒಂದು ದಿನದ ಮಟ್ಟಿಗೆ ಅಂದ್ಕೊಂಡೆ. ನಾಳೆ ಹೇಳೋಣ, ತಮಾಷೆ ಮಾಡ್ದೆ ಅನ್ನೋಣ ಅಂತ. ಮಾರನೇ ದಿನ ಅವಳು ನನಗಿಂತ ಮುಂಚೆ ಎದ್ದು ಇಲ್ಲಿ ಬಂದು, ಏಪ್ರನ್ ಕಟ್ಕೊಂಡು, ಹಲಗೆ ಹೆರೀತಾ ಇದ್ಲು. ಕಣ್ಣು ಊದಿತ್ತು. ಏನೂ ಕೇಳ್ಲಿಲ್ಲ. ನಾನೂ ಸುತ್ತಿಗೆ ಎತ್ಕೊಂಡೆ. ಆ ನಾಳೆ ಅನ್ನೋದು ಆಮೇಲೆ ಬರ್ಲೇ ಇಲ್ಲ. ನಿಮಗೆ ಆ ಕಾಗದ ಬರೆದೆ, ಅವಳೇ ಬೇಡ ಅಂದ್ಲು ಅಂತ. ಎರಡು ಬಾಗಿಲೂ ಒಂದೇ ವಾರದಲ್ಲಿ ಮುಚ್ಚಿದೆ.

ಕೆಲಸಗಾರ್ತಿ ಆದ್ಲು. ನನಗಿಂತ ಒಳ್ಳೆ ಕೆಲಸಗಾರ್ತಿ! ಅವಳು ಮಾಡಿದ ಪೀಪಾಯಿ ಒಂದು ತೊಟ್ಟು ಸೋರಿದ್ದಿಲ್ಲ. ಆದ್ರೆ ಯಾಕೆ ಅನ್ನೋ ಮಾತು ಮತ್ತೆ ಅವಳ ಬಾಯಲ್ಲಿ ಬರ್ಲಿಲ್ಲ ಅಕ್ಕೋರೇ. ಹೇಳಿದ್ದು ಮಾಡೋಳು. ಆರು ಎಣಿಸೋಳು, ಬಾಯಿ ಮುಚ್ಕೊಂಡು, ನಮ್ಮಪ್ಪ ಹೇಳಿದ ಹಾಗೇ. ನಾನು ಅಂದ್ಕೊಂಡೆ, ಮರೆತ್ಲು. ದೊಡ್ಡವಳಾದ್ಲು, ಮರೆತ್ಲು.

ಪ್ರತಿ ಕ್ರಿಸ್ಮಸ್‌ಗೆ ನಿಮ್ಮ ಕಾರ್ಡು ಬರೋದು. ಯುದ್ಧದಲ್ಲೂ ಒಂದೆರಡು ಬಂದ್ವು. "ಈಗಲೂ ವೃತ್ತ ಎಳೀತೀಯಾ ತುರಿದ್?" ಅಂತ ಬರೀತಿದ್ರಿ, ಪ್ರತಿ ಸಲ. ಓದಿ, ಕಿಟಕಿ ಹಲಗೆ ಮೇಲೆ ಬೋರಲಾಗಿ ಇಡೋಳು. ಉತ್ತರ ಬರೀಲಿಲ್ಲ ಅಂತ ನೀವು ಬೇಜಾರು ಮಾಡ್ಕೊಂಡಿರ್ಬೇಕು. ಅವಳಿಗೆ ಅದು ಹಂಗಿಸಿದ ಹಾಗೆ ಅನ್ನಿಸಿರ್ಬೇಕು, ಅಲ್ವಾ? ತಪ್ಪು ಬರೆದವಳನ್ನ ವರ್ಷಕ್ಕೊಂದು ಸಲ ನೆನಪು ಮಾಡಿ ಚುಚ್ಚಿದ ಹಾಗೆ. ನೀವು ಪ್ರೀತಿಯಿಂದ ಬರೆದಿದ್ದು. ನನಗೆ ಗೊತ್ತಿತ್ತು. ನನಗೊಬ್ಬನಿಗೇ ಗೊತ್ತಿದ್ದಿದ್ದು.

ಅಳಬೇಡಿ. ಇಲ್ಲ, ಅಳಿ. ನನಗೆ ಹೇಳೋ ಹಕ್ಕಿಲ್ಲ.

ಕೂತ್ಕೊಳಿ, ಹೋಗ್ಬೇಡಿ. ಆಮುಂಡನ ದೋಣಿ ಮೂರಕ್ಕೆ. ತೋರಿಸೋದು ಇನ್ನೂ ಇದೆ. ಅದಿಲ್ಲದೆ ಹೋದ್ರೆ ಬಂದಿದ್ದಕ್ಕೆ ಅರ್ಥ ಇಲ್ಲ.

ಈ ಸಲ ಹೆರಿಂಗ್ ಮೀನು ಬರ್ಲಿಲ್ಲ, ಪೇಪರಲ್ಲಿ ಓದಿರ್ತೀರಿ. ಹೋದ ವರ್ಷ ಬಲೆ ಹರಿಯೋ ಹಾಗೆ ಬಂದಿತ್ತು. ಈ ಸಲ ದೋಣಿಗಳು ಸುಮ್ಮನೆ ಹೋಗಿ ಸುಮ್ಮನೆ ಬಂದ್ವು. ಬಂದಿದ್ರೆ ಪೀಪಾಯಿ ಎಲ್ಲ ಜನವರಿಯಲ್ಲೇ ದಕ್ಕೆಗೆ ಹೋಗ್ತಿತ್ತು. ಮೀನು ತುಂಬಿ, ಉಪ್ಪು ಹಾಕಿ, ಮುಚ್ಚಳ ಬಡಿದು, ಸ್ವೀಡನ್ನೋ ರಷ್ಯಾನೋ ಅಂತ ಹಡಗು ಹತ್ತುತ್ತಿತ್ತು. ಮೀನಿಲ್ಲ, ಹಾಗಾಗಿ ಮುಚ್ಚಳ ಅಟ್ಟದ ಮೇಲೇ ಉಳೀತು. ಅವಳು ಹೋಗಿ ಎರಡು ವಾರಕ್ಕೆ, ತೇವಕ್ಕೆ ಸೊಟ್ಟ ಆಗುತ್ತೆ ಅಂತ ಮಗುಚಿ ಹಾಕೋಕೆ ಹತ್ತಿದೆ. ಮೀನು ಬಂದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಇಷ್ಟು ವರ್ಷ ಗೊತ್ತಾಗ್ಲಿಲ್ಲವಲ್ಲ, ಹಾಗೇ.

ಇಗೋ. ಎರಡು ತಂದಿಟ್ಟಿದೀನಿ ಕೆಳಗೆ. ಮೇಲ್ಮೈ ಅಲ್ಲ, ಅದರಲ್ಲಿ ನಮ್ಮ ಮುದ್ರೆ ಇದೆ ಅಷ್ಟೇ. ತಿರುಗಿಸಿ. ಒಳಮೈ. ಮೀನಿನ ಕಡೆಗೆ ಇರೋ ಮೈ, ಯಾರೂ ನೋಡದ ಮೈ.

ಕಾಣ್ತಾ? ಬೆಳಕಿಗೆ ಓರೆ ಹಿಡೀರಿ. ಕೈವಾರದ ಮೊನೇಲಿ ಗೀರಿದಾಳೆ. ನಡುವಲ್ಲಿ ಸಣ್ಣ ಸುತ್ತು. ಅಲ್ಲಿಂದ ಗೆರೆ. ಗೆರೆ ಎರಡರಷ್ಟು ಮಾಡಿ ದೊಡ್ಡ ಸುತ್ತು. ಅದರ ಕೆಳಗೆ, ಅಂಚಿನ ಹತ್ತಿರ, ಸಣ್ಣಕ್ಕೆ: "ತಪ್ಪು ಎಲ್ಲಿ?"

ಅಟ್ಟದ ಮೇಲೆ ನಲವತ್ತೊಂದಿವೆ ಇನ್ನೂ. ಎಲ್ಲದರಲ್ಲೂ ಇದೇ. ಇದೇ ಅಂದ್ರೆ ಇದೇ ಅಲ್ಲ. ಒಂದರಲ್ಲಿ ನಾಲ್ಕು ಗೆರೆ, ಒಂದರಲ್ಲಿ ಹನ್ನೆರಡು. ಒಂದರಲ್ಲಿ ನಡು ಬಿಟ್ಟು ಪಕ್ಕದಿಂದ ಗೆರೆ ಎಳೆದು ನೋಡಿದಾಳೆ. ಒಂದರಲ್ಲಿ ಮೊಟ್ಟೆ ಪಕ್ಕ ಮೊಟ್ಟೆ. ಹುಡುಕಿದಾಳೆ ಅಕ್ಕೋರೇ! ಎಲ್ಲ ಕಡೆಯಿಂದ ಹುಡುಕಿದಾಳೆ. ನಾನು ಅಟ್ಟದಲ್ಲಿ ಲಾಟೀನು ಹಿಡ್ಕೊಂಡು ಒಂದಾದ ಮೇಲೊಂದು ನೋಡ್ತಾ ನೋಡ್ತಾ… ಅಲ್ಲೇ ನನಗೆ ಅರ್ಥ ಆಯ್ತು. ಹೌದು, ನನಗೆ! ಯಾಕೆ ಆರೇ ಅಂತ. ಸಣ್ಣದಕ್ಕೆ ಆರು ಅಂದ್ರೆ, ಅದನ್ನ ಹಿಗ್ಗಿಸಿದ್ರೆ ಕೈವಾರದ ಹೆಜ್ಜೆಯೂ ಅದರ ಜೊತೆಗೇ ಹಿಗ್ಗುತ್ತೆ. ಹಿಗ್ಗಿದ್ದೂ ಅದೇ ವೃತ್ತ, ಬೇರೆ ಅಲ್ಲ. ಹಾಗಾದ್ರೆ ತಲೆಹರಟೆ ಮಾಡೋಕೆ ಯಾವ ಪೀಪಾಯಿಗೂ ಜಾಗವೇ ಇಲ್ಲ. ಅರವತ್ತೇಳಕ್ಕೆ ಅರ್ಥ ಆಯ್ತು. ನನ್ನ ಮಗಳು ಕಲಿಸಿದ್ಲು, ಸತ್ತು ಎರಡು ವಾರದ ಮೇಲೆ.

ಈ ವರ್ಷದ್ದು ಮಾತ್ರ ಇರ್ಬೇಕು ಅಂದ್ಕೊಂಡೆ. ಬೇಸರಕ್ಕೆ, ಮೀನಿಲ್ಲದ ಚಳಿಗಾಲದಲ್ಲಿ ಗೀಚಿರ್ಬೇಕು. ಆಮೇಲೆ ಆಮುಂಡನ ಶೆಡ್ಡಲ್ಲಿ ಗಾಳದ ಮೀನು ಹಾಕಿಡೋ ಹಳೇ ಪೀಪಾಯಿ ನೆನಪಾಯ್ತು, ನಾವೇ ಮಾಡಿಕೊಟ್ಟಿದ್ದು. ಹೋಗಿ ಮುಚ್ಚಳ ಎತ್ತಿದೆ. ಉಪ್ಪಿಗೆ ಕಪ್ಪಾಗಿತ್ತು. ಬೆರಳಾಡಿಸಿದೆ. ಸುತ್ತು, ಗೆರೆ, ಸುತ್ತು. ಪಕ್ಕದಲ್ಲಿ ನಲವತ್ತನಾಲ್ಕು ಅಂತ ಇಸವಿ. ಆಚೆ ಮನೆ ಮುದುಕಿ ಆಲೂಗಡ್ಡೆ ಹಾಕೋ ಪೀಪಾಯಿ: ಮೂವತ್ತೊಂಬತ್ತು. ಅದಕ್ಕೇ ಅಕ್ಕೋರೇ, ಅದಕ್ಕೇ ಊರೆಲ್ಲ ಮುಚ್ಚಳ ಎತ್ತಿ ನೋಡ್ದೆ. ಎಲ್ಲಿ ಎತ್ತಿದ್ರೂ ಇತ್ತು. ಇಷ್ಟು ವರ್ಷ ನನ್ನ ಬೆನ್ನ ಹಿಂದೇನೇ ಕೂತು, ಪ್ರತಿ ಮುಚ್ಚಳಕ್ಕೂ ಗೀರಿ, ಮೀನಿನ ಕಡೆಗೆ ತಿರುಗಿಸಿ, ಬಡಿದು ಕಳಿಸಿದಾಳೆ. ರಷ್ಯಾದಲ್ಲಿ ಯಾರೋ ಮುಚ್ಚಳ ಕಿತ್ತು ಒಲೆಗೆ ಹಾಕಿರ್ತಾರೆ. ಅವರಾದ್ರೂ ಓದಿದ್ರೋ ಏನೋ.

ಇಲ್ದೇ ಇರೋ ತಪ್ಪನ್ನ ಹುಡುಕ್ತಾ ಇದ್ಲು.

ಏನು ಮಾಡ್ತಿದೀರಿ? ಓ… ಕೈವಾರ. ಬಕೆಟ್ಟಾ? ಮಾಡಿ, ಮಾಡಿ. ಕೂಡಲೇ ಬರಲ್ಲ, ಮೊನೆ ಕಚ್ಚಲ್ಲೇ ಇರ್ಲಿ, ಜಾರಬಾರದು. ಮೆಲ್ಲಗೆ. ನಾನು ಮಾತಾಡಲ್ಲ.

…

ಆರು.

ಬಂತು. ಸರಿಯಾಗಿ ಬಂತು. ನೋಡಿ, ನಿಮ್ಮ ಕೈಗೂ ಆರೇ. ಆ ಬಾಯಿ ಹಾಗೇ ಇರ್ಲಿ, ಅಲುಗಿಸ್ಬೇಡಿ. ಇಲ್ಲಿ ಕೊಡಿ. ಸಂಜೆ ಕತ್ತರಿಸ್ತೀನಿ.

ಇನ್ನೊಂದು ಮುಚ್ಚಳ ಇದೆಯಲ್ಲ, ನಿಮ್ಮ ಮೊಣಕಾಲ ಹತ್ತಿರ. ಅದನ್ನ ಇನ್ನೂ ತಿರುಗಿಸಿಲ್ಲ ನೀವು. ತಿರುಗಿಸಿ. ಅದು ಜನವರಿದು, ಜ್ವರಕ್ಕೆ ಹಿಂದಿನ ದಿನದ್ದು. ಗೀರಿಲ್ಲ, ಪೆನ್ಸಿಲ್ಲಲ್ಲಿ ಬರೆದಿದಾಳೆ. ಚಿತ್ರ ಇಲ್ಲ. ನಾನು ಓದಲ್ಲ, ನನಗೆ ಬಾಯಿಪಾಠ ಆಗಿದೆ. ನೀವೇ ಓದಿ. ಕಿಟಕಿ ಕಡೆ ಹೋಗಿ, ಅಲ್ಲಿ ಬೆಳಕಿದೆ.

"ತಪ್ಪು ಸಿಗಲಿಲ್ಲ. ಆದರೆ ಸಿಗ್ನೆ ಅಕ್ಕೋರೇ ತಪ್ಪು ಎಂದ ಮೇಲೆ ಇರಲೇಬೇಕು."